ಮೈಕಣ್ಣನ ಎಂಟು ಕೃತಜ್ಞತೆಗಳು

ನಮ್ಮ ಯಜಮಾನರ ಮುಖವನ್ನು ಊರಿನಲ್ಲಿ ನೂರು ಜನ ನೋಡಿರಬಹುದು, ದನಿಯನ್ನು ಕೇಳದವರಿಲ್ಲ. ಇಪ್ಪತ್ತಾರು ವರ್ಷ ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕುಳಿತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿತು ಎಂದು ಮೈಕಿನಲ್ಲಿ ಹೇಳಿದವರು ಅವರು. ಹಾಗಾಗಿ ಎಲ್ಲರಿಗೂ ಮೈಕಣ್ಣ. ಮನೆಯಲ್ಲೂ ಅದೇ ಗತ್ತು. "ದಯವಿಟ್ಟು ಗಮನಿಸಿ, ಸ್ನಾನದ ನೀರು ಕಾದಿದೆಯೇ?" ಎಂದು ಕೇಳಿದರೆ ಪಕ್ಕದ ಮನೆಯವಳು "ಕಾದಿರ್ಬೇಕು ಅಣ್ಣಾ" ಎನ್ನುತ್ತಿದ್ದಳು. ನಾನು ತದ್ವಿರುದ್ಧ. ಹೊಲಿಗೆ ಅಂಗಡಿಗೆ ಕಾಜಾ, ಗುಂಡಿ ಹಾಕಿಕೊಡುವವಳು. ನಾನು ಬಾಯಿ ತೆರೆಯುವುದು ದಾರ ಕಚ್ಚುವುದಕ್ಕೆ ಮಾತ್ರ ಎಂದು ಅತ್ತೆ ಗೇಲಿ ಮಾಡುತ್ತಿದ್ದರು.

ಕ್ರಿಸ್ಮಸ್ ಬೆಳಗಿನ ಪೂಜೆಯಲ್ಲಿ, ಪರಮಪ್ರಸಾದ ಸ್ವೀಕರಿಸಿ ಎಲ್ಲರೂ ಕುಳಿತ ಮೇಲೆ, ನಮ್ಮ ಚರ್ಚಿನಲ್ಲಿ ಒಬ್ಬರು ಎದ್ದು ಎಲ್ಲರ ಪರವಾಗಿ ಆ ವರ್ಷದ ಕೃತಜ್ಞತೆ ಹೇಳುತ್ತಾರೆ. ಹತ್ತೊಂಬತ್ತು ವರ್ಷ ಆ ಒಬ್ಬರು ಇವರೇ. ಬೇರೆಯವರಾಗಿದ್ದರೆ ಆರೋಗ್ಯ, ಐಶ್ವರ್ಯ, ಶಾಂತಿ ಎಂದು ಮೂರೇ ಮಾತಿಗೆ ಮುಗಿಸುತ್ತಿದ್ದರು. ಇವರು ಆ ಪೈಕಿ ಅಲ್ಲ. ಓಡಿ ಬರುತ್ತಿದ್ದ ಬಸುರಿಗಾಗಿ ಎರಡು ನಿಮಿಷ ಬಸ್ಸು ನಿಲ್ಲಿಸಿದ ಡ್ರೈವರಿಗಾಗಿ, ನಿಲ್ದಾಣದ ಶೌಚಾಲಯ ತೊಳೆಯುವ ಹೆಂಗಸಿಗಾಗಿ, ಮೂರನೇ ಸಲಕ್ಕೆ ಪಾಸಾದ ಬಡಗಿಯ ಮಗಳಿಗಾಗಿ, ಹೀಗೆ ವರ್ಷವಿಡೀ ಚೀಟಿಯಲ್ಲಿ ಬರೆದಿಡುತ್ತಿದ್ದರು. ಒಂದೊಂದಕ್ಕೂ ಜನ "ದೇವರಿಗೆ ಕೃತಜ್ಞತೆ ಸಲ್ಲಲಿ" ಎನ್ನಬೇಕು. "ಮನೇಲಿ ಊಟ ಆರಿಹೋಗತ್ತೆ ಮೈಕಣ್ಣ" ಎಂದು ಫಾದರ್ ಒಮ್ಮೆ ನಗೆಯಾಡಿದ್ದರು.

ಈ ವರ್ಷ ಗಂಟಲಲ್ಲಿ ಗೆಡ್ಡೆ ಬಂತು. ಪ್ರಾಣ ಉಳಿಸಲು ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಕತ್ತಿನ ತೂತಿನಲ್ಲಿ ಉಸಿರು, ಅದರ ಮೇಲೆ ನಾನು ಹೊಲಿದ ತೆಳು ಬಟ್ಟೆ. ನಿಲ್ದಾಣದವರು ಅವರನ್ನು ಕಳೆದುಹೋದ ಸಾಮಾನಿನ ಕೋಣೆಗೆ ಹಾಕಿದರು. ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿಗಳ ನಡುವೆ ಕೂತೂ ಅವರು ಚೀಟಿ ಬರೆಯುವುದನ್ನು ಬಿಡಲಿಲ್ಲ. ಅದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹಬ್ಬಕ್ಕೆ ನಾಲ್ಕು ದಿನವಿದೆ ಎನ್ನುವಾಗ ಫಾದರ್ ಮನೆಗೆ ಬಂದರು. "ಈ ಸಲ ಮೇಷ್ಟ್ರು ಹೇಳಲಿ, ನೀವು ಆರಾಮಾಗಿ ಕೂತ್ಕೊಳ್ಳಿ" ಎಂದರು. ಇವರು ಆಗದು ಎಂದು ತಲೆಯಾಡಿಸಿ, ನೋಟುಬುಕ್ಕಿನಲ್ಲಿ ಬರೆದು ತೋರಿಸಿದರು: "ಇವಳು ಓದ್ತಾಳೆ."

ಫಾದರ್ ಹೊಸ್ತಿಲು ದಾಟಿದ್ದೇ ತಡ, ನಾನು ಸಿಡಿದೆ. "ಏನ್ರೀ, ನಾನು ಎಂದಾದ್ರೂ ನಾಲ್ಕು ಜನರ ಮುಂದೆ ನಿಂತಿದ್ದೀನಾ? ಅಲ್ಲದೆ, ನಿಮ್ಮ ದನೀನೇ ಕಿತ್ಕೊಂಡೋನಿಗೆ ಕೃತಜ್ಞತೆ ಬೇರೆ ಕೇಡು!"

ಅವರು ಸಿಟ್ಟಾಗಲಿಲ್ಲ. ನಿಧಾನವಾಗಿ ಬರೆದರು: "ಕಿತ್ಕೊಂಡಿದ್ದು ಕಾಯಿಲೆ. ಮನೆಗೆ ವಾಪಸ್ ಕಳಿಸಿದ್ದು ಅವನು. ಅದನ್ನ ಹೇಳ್ದೆ ನನಗೆ ಹಬ್ಬ ಆಗಲ್ಲ ಕಣೇ." ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು: "ಮೇಷ್ಟ್ರು ಓದಿದ್ರೆ ಅದು ಭಾಷಣ ಆಗತ್ತೆ." ನನಗೆ ನಗು ಬಂತು. ತಲೆಯೆತ್ತಿ ನೋಡಿದರೆ ಅವರ ಕಣ್ಣು ತುಂಬಿತ್ತು. ಆಸ್ಪತ್ರೆಯಲ್ಲಿ ನಲವತ್ತು ದಿನ ಮಲಗಿದಾಗಲೂ ಅತ್ತವರಲ್ಲ. ನಾನು ಮತ್ತೆ ವಾದ ಮಾಡಲಿಲ್ಲ.

ಮೂರು ಸಂಜೆ ಪಾಠ ನಡೆಯಿತು. ನಾನು ಅಡುಗೆಮನೆಯಲ್ಲಿ ನಿಂತು ಓದಬೇಕು, ಅವರು ಹೊರಗೆ ಬೀದಿಯಲ್ಲಿ ನಿಂತು ಕೇಳಬೇಕು. ಮಾತಿನ ಕೊನೆ ನುಂಗಿದರೆ ಚಮಚದಿಂದ ತಟ್ಟೆ ಬಡಿಯುವರು. ಪುಣ್ಯಾತ್ಮರಿಗೆ ದನಿ ಹೋಗಿತ್ತೇ ಹೊರತು ದರ್ಬಾರು ಹೋಗಿರಲಿಲ್ಲ. ಚೀಟಿಯ ಏಳೂ ಸಾಲು ನನಗೆ ಬಾಯಿಪಾಠವಾಯಿತು.

ಹಬ್ಬದ ಬೆಳಿಗ್ಗೆ ಚರ್ಚು ಕಿಕ್ಕಿರಿದಿತ್ತು. ಫಾದರ್ ಕರೆದಾಗ ನಾನು ಸೆರಗು ಸರಿಮಾಡಿಕೊಂಡು ಎದ್ದೆ. ಇವರು ಚೀಟಿಯನ್ನು ನನ್ನ ಕೈಗೆ ತುರುಕಿ, ಬೆನ್ನಿಗೆ ಒಂದು ಮೆದು ಗುದ್ದು ಕೊಟ್ಟರು. ಮೊದಲನೆಯದು, ರಜೆ ಬಿಟ್ಟು ಇವರ ಕಫ ತೆಗೆದ ನರ್ಸಮ್ಮನಿಗಾಗಿ. ಎರಡನೆಯದು, ನಮ್ಮ ಬಾಗಿಲಿಗೆ ದಿನಾ ಹಾಲು ಇಟ್ಟು, ಇಂದಿಗೂ ಹೆಸರು ಹೇಳದವರಿಗಾಗಿ. ಮೂರನೆಯದಕ್ಕೆ ಬರುವಷ್ಟರಲ್ಲಿ ನನ್ನ ದನಿ ನನಗೇ ಕೇಳಿಸತೊಡಗಿತು. ಏಳನೆಯದು ಮುಗಿಸಿ ನೋಡಿದರೆ, ಅಡಿಯಲ್ಲಿ ಎಂಟನೆಯದೊಂದಿದೆ! ಬೆಳಿಗ್ಗೆ ಸೇರಿಸಿದ್ದಿರಬೇಕು. ಕಣ್ಣಿನಲ್ಲೇ ಓದಿಕೊಂಡೆ, ಕಿವಿ ಬಿಸಿಯಾಯಿತು. ಚೀಟಿ ಮಡಚಿ ಇಳಿಯಲು ತಿರುಗಿದೆ.

ಟಕ್ ಟಕ್ ಎಂದು ಬೆಂಚು ಬಡಿದ ಸದ್ದಾಯಿತು. ಇಡೀ ಚರ್ಚು ಅವರತ್ತ ತಿರುಗಿತು. ಇವರು ಒಂದು ಬೆರಳು ಎತ್ತಿ ನಿಂತಿದ್ದರು.

"ಇನ್ನೊಂದು ಬಾಕಿ ಇದೆಯಂತಮ್ಮಾ" ಎಂದರು ಫಾದರ್.

ಬೇರೆ ದಾರಿಯಿರಲಿಲ್ಲ, ಓದಿದೆ: "ಎಂಟನೆಯದು. ಇಪ್ಪತ್ತೆಂಟು ವರ್ಷ ನಾನು ಮಾತಾಡಿದೆ, ನನ್ನ ಹೆಂಡತಿ ಕೇಳಿದಳು. ಇವತ್ತು ಅವಳು ಮಾತಾಡಿದ್ದು ಕೊನೆಯ ಬೆಂಚಿಗೂ ಕೇಳಿಸಿತು. ಕೇಳಿಸುತ್ತದೆಂದು ನನಗೆ ಮೊದಲೇ ಗೊತ್ತಿತ್ತು. ಇಂಥವಳನ್ನು ಕೊಟ್ಟ ಕರ್ತನಿಗೆ ವಂದನೆ."

"ದೇವರಿಗೆ ಕೃತಜ್ಞತೆ ಸಲ್ಲಲಿ" ಎಂದು ಜನ ಒಟ್ಟಾಗಿ ಹೇಳಿದರು. ಇವರ ತುಟಿಯೂ ಸದ್ದಿಲ್ಲದೆ ಅದನ್ನೇ ಹೇಳುತ್ತಿತ್ತು. ನನ್ನ ಎದೆ ಹೆಮ್ಮೆಯಿಂದ ಉಬ್ಬಿತು. ಇಳಿದು ಹೋಗಬೇಕಾದವಳು ಇಳಿಯಲಿಲ್ಲ. ಮೈಕು ಎದುರಿಗೇ ಇತ್ತು.

"ಒಂಬತ್ತನೇದು ನಂದು" ಎಂದೆ. "ಈ ಮನುಷ್ಯನನ್ನ ನನಗೆ ವಾಪಸ್ ಕೊಟ್ಟಿದ್ದಕ್ಕೆ."