ಊರಿನ ಹೆಸರಿಲ್ಲದ ಪುಟ

ಡಾಸ್ ಎಂದರೆ ಈಗಿನವರಿಗೆ ಗೊತ್ತಿಲ್ಲ. ಕಪ್ಪು ಪರದೆಯ ಮೇಲೆ ಬರೀ ಅಕ್ಷರ ಮೂಡುತ್ತಿದ್ದ ಕಾಲದ ಕಂಪ್ಯೂಟರುಗಳನ್ನು ನಡೆಸುತ್ತಿದ್ದ ವ್ಯವಸ್ಥೆ ಅದು. ಅದಕ್ಕೆ ಇನ್ನೂ ಪ್ರೋಗ್ರಾಮ್ ಬರೆಯುವವರಿಗಾಗಿ ನಾವು ಕೆಲವರು, ಬೇರೆ ಬೇರೆ ದೇಶದವರು, ಅಂತರಜಾಲದಲ್ಲಿ ಒಂದು ಕೈಪಿಡಿ ನಡೆಸುತ್ತೇವೆ. ಯಾವ ಆಜ್ಞೆ ಕೊಟ್ಟರೆ ಯಂತ್ರ ಏನು ಮಾಡುತ್ತದೆ ಎಂದು ಆಜ್ಞೆಗೊಂದು ಪುಟ. ಕಾಸರಗೋಡಿನಲ್ಲಿ ಕಂಪ್ಯೂಟರ್ ಕಲಿಸಿ ನಿವೃತ್ತಳಾದ ನಾನು ಅದರ ಮುಖ್ಯ ಸಂಪಾದಕಿ. ಸಂಬಳವಿಲ್ಲ, ಜಂಭ ಧಾರಾಳವಾಗಿದೆ.

“ಸತ್ತವರ ಜಾತಕ ಬರೀಲಿಕ್ಕೆ ನಮ್ಮ ಅಕ್ಕನಿಗೆ ಎಷ್ಟು ಉಮೇದು ನೋಡಿ” ಎಂದು ತಂಗಿ ಬಂದವರೆದುರೆಲ್ಲ ನಗುತ್ತಾಳೆ. ನಗಲಿ.

ನಮ್ಮಲ್ಲೊಂದು ಕಟ್ಟುಪಾಡು. ಹಳೆಯ ಯಂತ್ರದಲ್ಲಿ ಸ್ವತಃ ಓಡಿಸಿ ನೋಡದೆ ಯಾರೂ ಪುಟ ಬರೆಯಬಾರದು. ನೋಡಿದವರು ಪುಟದ ಕೆಳಗೆ ತಮ್ಮ ಊರಿನ ಹೆಸರು ಹಾಕಬೇಕು. ಹೆಚ್ಚಿನ ಪುಟಗಳ ಕೆಳಗೆ ಕಾಸರಗೋಡು ಎಂದೇ ಇದೆ. ಅದಕ್ಕಾಗಿ ಮನೆಯಲ್ಲಿ ಹಳೆಯ ಕಂಪ್ಯೂಟರುಗಳನ್ನು ಸಾಕಿದ್ದೇನೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಅವುಗಳ ಪಕ್ಕ ಬಲ್ಬು ಉರಿಸಿಡುತ್ತೇನೆ.

ಈಚೆಗೆ ಗುಂಪಿಗೆ ಸೇರಿದ ಹೊಸಬನೊಬ್ಬ ಖಾಲಿ ಉಳಿದಿದ್ದ ಪುಟಗಳನ್ನೆಲ್ಲ ಎಐ ಕೈಯಲ್ಲಿ ಬರೆಸಿ ತುಂಬಿಸಿಬಿಟ್ಟ. ಭಾಷೆ ನೋಡಿದರೆ ಬೆಣ್ಣೆ. ಊರಿನ ಹೆಸರು ಮಾತ್ರ ಇಲ್ಲ. ನನಗೆ ಪಿತ್ತ ನೆತ್ತಿಗೇರಿತು. ಅಳಿಸೋಣ ಎಂದರೆ, ಖಾಲಿ ಇರುವುದಕ್ಕಿಂತ ವಾಸಿಯಲ್ಲವೇ ಎಂದು ಉಳಿದವರು ನನಗೇ ಬುದ್ಧಿ ಹೇಳಿದರು. ಈ ಜಗಳ ಮುಗಿಯುವ ಮೊದಲೇ ಭಾವನ ಫೋನು ಬಂತು.

ಭಾವ ಎಂದರೆ ತಂಗಿಯ ಗಂಡ. ನಮ್ಮೂರಿಗೆ ಹತ್ತಿರದ ಅನಂತಪುರದ ಕೈಗಾರಿಕಾ ಎಸ್ಟೇಟಿನಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಶೆಡ್ಡು ಅವರದ್ದು. ರಟ್ಟು ಕತ್ತರಿಸುವ ಯಂತ್ರವನ್ನು ನಡೆಸುವುದು ಡಾಸ್ ಕಂಪ್ಯೂಟರೇ. ಅದರ ಡಿಸ್ಕು ಅಂದು ಕರಕರ ಎನ್ನತೊಡಗಿತ್ತು. ಯಂತ್ರದ ಪ್ರೋಗ್ರಾಮ್ ಇದ್ದದ್ದು ಆ ಡಿಸ್ಕಿನಲ್ಲಿ ಮಾತ್ರ. ಯಂತ್ರ ಮಾಡಿದ ಕಂಪನಿ ಎಂದೋ ಮುಚ್ಚಿಹೋಗಿದೆ. ಪ್ರೋಗ್ರಾಮ್ ಅಳಿದರೆ ಶೆಡ್ಡಿಗೆ ಬೀಗ, ಕೆಲಸದವರು ಮನೆಗೆ.

“ಹೆದರುವಂಥದ್ದು ಎಂತದೂ ಇಲ್ಲ ಅಕ್ಕ” ಎಂದರು ಭಾವ. “ಡಿಸ್ಕಿನಲ್ಲಿದ್ದದ್ದನ್ನು ಓದಿ ತೆಗೆಯುವ ಆಜ್ಞೆ ನಿಮ್ಮ ಕೈಪಿಡಿಯಲ್ಲೇ ಉಂಟು. ಹಾಗೇ ಟೈಪ್ ಮಾಡಿದ್ದೇನೆ. ಎಂಟರ್ ಒತ್ತುವುದೊಂದೇ ಬಾಕಿ.”

“ಪುಟದ ಕೆಳಗೆ ಯಾವ ಊರು ಉಂಟು ಭಾವ?”

“ಊರಾ? ಊರು ಗೀರು ಎಂತದೂ ಇಲ್ಲ.”

“ಅಯ್ಯೋ ದೇವರೇ, ಕೈ ತೆಗೀರಿ! ಕೀಬೋರ್ಡಿನ ಹತ್ತಿರ ಹೋಗಬೇಡಿ!”

ಅದೇ ಆಜ್ಞೆಯನ್ನು ಮನೆಯಲ್ಲಿ ಬೇಡದ ಡಿಸ್ಕೊಂದಕ್ಕೆ ಕೊಟ್ಟು ನೋಡಿದೆ. ಅದು ಓದುವ ಆಜ್ಞೆಯೇ ಅಲ್ಲ, ಒರೆಸಿಹಾಕುವ ಆಜ್ಞೆ. ಡಿಸ್ಕಿನಲ್ಲಿ ಏನೂ ಉಳಿಯಲಿಲ್ಲ.

ನಾನೇ ಓಡಿಸಿ ನೋಡಿ ಬರೆದಿದ್ದ ಬೇರೊಂದು ಪುಟವನ್ನು ಹುಡುಕಿಕೊಂಡು, ಆಟೋ ಹಿಡಿದು ಅನಂತಪುರಕ್ಕೆ ಹೋದೆ. ಅದರಂತೆ ಆಜ್ಞೆ ಕೊಟ್ಟೆ. ಡಿಸ್ಕು ನರಳುತ್ತ ನರಳುತ್ತ ಇದ್ದದ್ದನ್ನೆಲ್ಲ ಬಿಟ್ಟುಕೊಟ್ಟಿತು. ಪ್ರೋಗ್ರಾಮನ್ನು ಡಿಸ್ಕಿನ ಬದಲಿಗೆ ಹೊಸ ಮೆಮೊರಿ ಕಾರ್ಡಿಗೆ ಹಾಕಿ ಚಾಲೂ ಮಾಡಿದಾಗ ಯಂತ್ರ ರಟ್ಟಿನ ಮೇಲೆ ಬ್ಲೇಡು ಇಳಿಸಿತು. ಕೆಲಸದವರು ಹೋ ಎಂದು ಕೂಗಿದರು. ನನ್ನ ಹೆಮ್ಮೆಗೆ ಆ ಶೆಡ್ಡು ಸಾಲಲಿಲ್ಲ.

ಭಾವ ಮಾತ್ರ ಸ್ಟೂಲಿನ ಮೇಲೆ ಕುಸಿದು ಕೂತಿದ್ದರು. “ಅಲ್ಲ ಅಕ್ಕ, ಬೇರೆಲ್ಲಿಯಾದರೂ ಓದಿದ್ದರೆ ನಾನು ನಾಲ್ಕು ಜನರ ಹತ್ತಿರ ಕೇಳ್ತಿದ್ದೆ. ನಿಮ್ಮದು ಅಂತ ಯಾರ ಹತ್ತಿರವೂ ಕೇಳಲಿಲ್ಲ.”

ಯಂತ್ರದ ಪಕ್ಕದಲ್ಲೇ ನಿಂತು ಫೋನಿನಲ್ಲಿ ಹೊಸಬನ ಪುಟಗಳನ್ನು ಒಂದೂ ಬಿಡದೆ ಅಳಿಸಿದೆ. ನಾನೂ ಯಾರ ಹತ್ತಿರವೂ ಕೇಳಲಿಲ್ಲ.