ಕತ್ತರಿಸದೆ ಉಳಿದ ಒಂದು ನಿಮಿಷ

ಭಾನುವಾರ, ಬೆಳಕು ಹರಿಯುವ ಹೊತ್ತು. ಕ್ಯಾಲಿಫೋರ್ನಿಯದ ಲಾಸ್ ಆಲ್ಟೋಸಿನ ಸಣ್ಣ ರೇಡಿಯೊ ನಿಲಯದಲ್ಲಿ ಸತ್ಯವತಿ ಟೇಪಿನ ಸುರುಳಿಯನ್ನು ಕೈಯಿಂದಲೇ ಹಿಂದೆ ಮುಂದೆ ತಿರುಗಿಸುತ್ತಾ ಕಿವಿಗೊಟ್ಟು ಕೂತಿದ್ದಾರೆ. ಠಣ್ ಎಂದು ಚಮಚದ ಸದ್ದು ಬಂದ ಕೂಡಲೇ ನಿಲ್ಲಿಸಿ, ಬ್ಲೇಡಿನಿಂದ ಟೇಪು ಕೊಯ್ದು, ತುದಿಗಳನ್ನು ಅಂಟುಪಟ್ಟಿಯಿಂದ ಕೂಡಿಸುತ್ತಾರೆ. ಆ ಬೆಸುಗೆ ಕಣ್ಣಿಗೆ ಕಂಡರೂ ಕಿವಿಗೆ ಸಿಗುವುದಿಲ್ಲ.

ಒಂಬತ್ತಕ್ಕೆ ಪ್ರಸಾರವಾಗಬೇಕಾದದ್ದು ಯುಗೊಸ್ಲಾವಿಯದ ೧೯೮೪ರ ಹಿನ್ನೋಟ. ಓದಿದವರು ಆ ದೇಶದಿಂದ ಬಂದು ಕ್ಯಾಂಪ್‌ಬೆಲ್‌ನಲ್ಲಿ ನೆಲೆಸಿರುವ ಹಿರಿಯೆ ಯೆಲ್ಕಾ. ಅವರ ಭಾಷೆ ಸತ್ಯವತಿಗೆ ಬಾರದು; ಇಬ್ಬರ ಮಾತುಕತೆ ಇಂಗ್ಲಿಷಿನಲ್ಲಿ. "ಓದು ತಪ್ಪಿದ್ರೆ ಅವರು ಚಮಚದಿಂದ ಕಪ್ಪಿಗೆ ತಟ್ತಾರೆ, ಅದೇ ವಾಕ್ಯ ಮತ್ತೆ ಓದ್ತಾರೆ. ನಾನು ತಪ್ಪಿದ್ದನ್ನ ತೆಗೆದುಹಾಕ್ತೀನಿ. ಅಷ್ಟೇ ನಮ್ಮ ಒಪ್ಪಂದ," ಎನ್ನುತ್ತಾರೆ ಸತ್ಯವತಿ.

ಮೈಸೂರಿನ ಗಮಕಿಗಳ ಮನೆಯಲ್ಲಿ ಬೆಳೆದ ಸತ್ಯವತಿಗೆ ಪದ ಎಲ್ಲಿ ಮುಗಿಯಿತು, ಉಸಿರು ಎಲ್ಲಿ ತಿರುಗಿತು ಎಂಬುದು ಅರ್ಥಕ್ಕಿಂತ ಮೊದಲೇ ತಿಳಿಯುತ್ತದೆ. ಗಂಡ ಶ್ರೀಕಂಠ ಎಂಜಿನಿಯರು; ಮಗಳನ್ನು ವಾರದ ದಿನ ಡೇಕೇರಿನಲ್ಲಿ, ಭಾನುವಾರ ಅವರ ಬಳಿ ಬಿಟ್ಟು ಇವರು ಇಲ್ಲಿಗೆ ಬರುತ್ತಾರೆ. ವಾರಕ್ಕೆ ಏಳು ಭಾಷೆಗಳ ಕಾರ್ಯಕ್ರಮ ಇವರ ಕೈ ಹಾಯ್ದು ಹೋಗುತ್ತದೆ. ಯಾವುದರ ಕೊನೆಯಲ್ಲೂ ಇವರ ಹೆಸರಿಲ್ಲ. "ನನ್ನ ಹೆಸರು ಹೇಳ್ಬೇಕಾದ್ರೆ ಯೆಲ್ಕಮ್ಮನಿಗೆ ಮೂರು ಸಲ ಚಮಚ ಬೇಕಾಗುತ್ತೆ!" ಎಂದು ನಗುತ್ತಾರೆ.

ಒಪ್ಪಂದ ತಪ್ಪಿದ್ದು ಕಳೆದ ಮೇ ತಿಂಗಳಲ್ಲಿ. ಮೇ ನಾಲ್ಕು, ದಶಕಗಳ ಕಾಲ ಆ ದೇಶವನ್ನು ಆಳಿದ ಟಿಟೊ ನಾಲ್ಕು ವರ್ಷದ ಹಿಂದೆ ತೀರಿಕೊಂಡ ದಿನ. ಪ್ರತಿ ವರ್ಷ ಅಂದು ಸೈರನ್ ಕೂಗಿದರೆ ಯುಗೊಸ್ಲಾವಿಯದ ಜನ ಇದ್ದಲ್ಲೇ ಎದ್ದು ನಿಲ್ಲುತ್ತಾರೆ. ಯೆಲ್ಕಾ ಕೂಡ ಓದು ನಿಲ್ಲಿಸಿ ಒಂದು ನಿಮಿಷ ಸುಮ್ಮನಿದ್ದರು. ಮೈಕು ಕೈಕೊಟ್ಟಿದೆ ಎಂದುಕೊಂಡ ಸತ್ಯವತಿ ಆ ಖಾಲಿ ಟೇಪನ್ನು ಕತ್ತರಿಸಿ ಬುಟ್ಟಿಗೆ ಹಾಕಿದರು. ಪ್ರಸಾರದಲ್ಲಿ ಟಿಟೊ ಹೆಸರಿನ ಬೆನ್ನಿಗೇ ಫುಟ್ಬಾಲಿನ ಸುದ್ದಿ ಬಂತು.

"ಸಾವಿನ ಮನೇಲಿ ಚಪ್ಪಾಳೆ ಹೊಡೆದ ಹಾಗಾಯ್ತು ಸತ್ಯಾ," ಎಂದರು ಯೆಲ್ಕಾ. ಇನ್ನೊಮ್ಮೆ ಹೀಗಾದರೆ ಕಾರ್ಯಕ್ರಮವನ್ನೇ ಬಿಡುವುದಾಗಿ ಹೇಳಿದ್ದಾರೆ.

ಇಂದಿನ ಹಿನ್ನೋಟದಲ್ಲಿ ಸರಾಯೆವೊದ ಹಿಮದ ಒಲಿಂಪಿಕ್ಸ್ ಇದೆ, ಅಲ್ಲಿ ಸಿಕ್ಕ ದೇಶದ ಮೊದಲ ಚಳಿಗಾಲದ ಪದಕವಿದೆ. ಲಾಸ್ ಏಂಜಲೀಸಿನ ಹ್ಯಾಂಡ್‌ಬಾಲ್ ಚಿನ್ನ, ಏರುತ್ತಲೇ ಇರುವ ಬೆಲೆಗಳು, ಫ್ರಾನ್ಸಿನಲ್ಲಿ ಆಡಿದ ಮೂರೂ ಫುಟ್ಬಾಲ್ ಪಂದ್ಯಗಳ ಸೋಲು. "ಮೂರೂ ಸೋಲು ಓದ್ಬೇಕಾ ಅಂದೆ. 'ಸೋತವರು ನಾವು, ನಿನಗೇನು ಕಷ್ಟ?' ಅಂದ್ರು." ನಡುವೆ ಮೇ ನಾಲ್ಕು, ಹೊಸದಾಗಿ ಧ್ವನಿಮುದ್ರಿಸಿದ ಆ ಒಂದು ನಿಮಿಷ.

ಮ್ಯಾನೇಜರು ಬಾಗಿಲಲ್ಲಿ ನಿಂತು ಗೊಣಗುತ್ತಾರೆ: "ಅಷ್ಟು ಹೊತ್ತು ಸದ್ದಿಲ್ಲದಿದ್ರೆ ಜನ ಬೇರೆ ಸ್ಟೇಷನ್ನಿಗೆ ಹೋಗ್ತಾರೆ. ಪಿಟೀಲಾದ್ರೂ ಹಾಕು."

"ಹಾಕಲ್ಲ. ಬೈಯೋಕೆ ಫೋನ್ ಮಾಡಿದ್ರೆ ನಾನೇ ಎತ್ಕೋತೀನಿ."

ಒಂಬತ್ತಕ್ಕೆ ಟೇಪು ಓಡುತ್ತದೆ. ಮೇ ಬರುತ್ತದೆ. ಸದ್ದು ತೋರಿಸುವ ಮುಳ್ಳು ಮಲಗುತ್ತದೆ. ಕೇಳಲೆಂದು ಸ್ಟುಡಿಯೊಗೆ ಬಂದು ಕೂತಿದ್ದ ಯೆಲ್ಕಾ ಎದ್ದು ನಿಲ್ಲುತ್ತಾರೆ, ಸತ್ಯವತಿಯೂ ನಿಲ್ಲುತ್ತಾರೆ. ಮ್ಯಾನೇಜರು ಗಡಿಯಾರ ನೋಡುತ್ತಾರೆ. ಮುಳ್ಳು ಮತ್ತೆ ಏಳುತ್ತದೆ.

ಕಾರ್ಯಕ್ರಮ ಮುಗಿದಾಗ ಯೆಲ್ಕಾ ಕೋಟು ತೊಡುತ್ತಾ, "ಮುಂದಿನ ವಾರ ಹೊಸ ವರ್ಷದ ಸುದ್ದಿ ತರ್ತೀನಿ. ತುಂಬಾ ತಪ್ಪು ಓದ್ತೀನಿ, ಬ್ಲೇಡು ಹರಿತ ಮಾಡಿಟ್ಕೊ," ಎನ್ನುತ್ತಾರೆ.

ಅವರು ಹೊರಟ ಮೇಲೆ ಫೋನು ಬರುತ್ತದೆ. ಬೆರ್ರಿಯೆಸಾದಲ್ಲಿ ಹಣ್ಣಿನ ತೋಟ ಮಾಡಿಕೊಂಡಿರುವ, ಟಿಟೊ ಆಡಳಿತ ಒಲ್ಲದೆ ದೇಶ ಬಿಟ್ಟು ಬಂದ ಮುದುಕರೊಬ್ಬರು. ಸತ್ಯವತಿ ಹೂಂ, ಹೂಂ ಎಂದು ಕೇಳಿ ಇಡುತ್ತಾರೆ.

"ಬೈದ್ರಾ?" ಎಂದು ಮ್ಯಾನೇಜರು ಕೇಳುತ್ತಾರೆ.

"ಬೈದ್ರು. ಆ ಮನುಷ್ಯನಿಗೋಸ್ಕರ ನಾನು ಎದ್ದು ನಿಲ್ಲೋನಲ್ಲ, ಆ ಒಂದು ನಿಮಿಷ ರೇಡಿಯೊ ಸೌಂಡು ಜಾಸ್ತಿ ಮಾಡಿ ಕೂತಿದ್ದೆ ಅಷ್ಟೇ, ಅಂದ್ರು."

ಸತ್ಯವತಿ ಸುರುಳಿ ಬಿಚ್ಚಿ ಡಬ್ಬಿಗೆ ಹಾಕುತ್ತಾರೆ.

"ಏನೂ ಇಲ್ದೆ ಇರೋ ಕಡೆ ಸೌಂಡು ಜಾಸ್ತಿ ಮಾಡಿ ಕೇಳಿದ್ರಲ್ಲ. ನನಗೆ ಅಷ್ಟು ಸಾಕು."