ಸೋಡಿಯಮ್ಮಿನ ಪರವಾಗಿ

ಅರಿಶಿನದ ನೀರಿಗೆ ಕಡಲೆಕಾಳಿನಷ್ಟು ಸುಣ್ಣ ಹಾಕಿದರೆ ಕೆಂಪು ಮೊದಲು ಏಳುವುದು ಸುಣ್ಣದ ಸುತ್ತ. ಬೆರಳಾಡಿಸಿದ ಮೇಲೆ ತಟ್ಟೆಯ ಅಂಚಿಗೆ ಹರಡುತ್ತದೆ. ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಅವ್ವ ಆ ನೀರನ್ನು ಕಲಸಿಟ್ಟಿದ್ದು ನನ್ನ ಮದುವೆಯ ಮಾತು ಗಟ್ಟಿಯಾದೊಡನೆ ಆರತಿ ಎತ್ತಲೆಂದು. ಮಾತು ಇನ್ನೂ ಶುರುವಾಗಿರಲಿಲ್ಲ. ನೆಂಟರ ಗಾಡಿ ಕಾಣುವ ಮೊದಲೇ ಎಲೆ ಹಾಕುವವಳು ನಮ್ಮವ್ವ.

ಬಂದವರು ವರನ ಸೋದರಮಾವ, ಶ್ರೀರಾಂಪುರದ ತೆಂಗಿನಕಾಯಿ ವ್ಯಾಪಾರಿ. ವರ ಬಂದಿರಲಿಲ್ಲ. ಈ ಮಾವನವರು ಪತ್ರಿಕೆ ಓದುವವರು, ಓದಿದ್ದನ್ನು ಮರೆಯದವರು. ಅರ್ಧಕ್ಕೇ ಓದು ನಿಲ್ಲಿಸುವುದೊಂದೇ ದೋಷ. ನಾನು ಚಿತ್ರದುರ್ಗದಲ್ಲಿ ಹೆಣ್ಣುಮಕ್ಕಳಿಗೆ ವಿಜ್ಞಾನ ಕಲಿಸುವ ಸಂಗತಿ ಅವರ ಕಿವಿಗೆ ಬಿದ್ದಿತ್ತು.

"ಏನವ್ವ, ಅಣುವಿನ ಪಾಠ ಹೇಳ್ತೀಯಂತೆ. ಅದರಾಗೂ ಗಂಡು ಹೆಣ್ಣು ಅವೆ ಕಣವ್ವ. ಉಪ್ಪಿನಾಗೆ ಸೋಡಿಯಂ ಅಂತ ಐತಲ್ಲ, ಅದು ಹೆಣ್ಣು. ಇದ್ದದ್ದೆಲ್ಲಾ ಕೊಟ್ಟು ಗಂಡಿನೊಳಗೆ ಕರಗಿ ಹೋಗ್ತೈತೆ. ಅದಕ್ಕೇ ಉಪ್ಪಿಗೆ ಆ ರುಚಿ."

"ಹಂಗೇನ್ರಿ?" ಎಂದರು ಅಪ್ಪ.

"ಮತ್ತೆ? ಲಗ್ನ ಆದ್ಮ್ಯಾಲೆ ಶಾಲೆ ಗೀಲೆ ಬಿಡಬೇಕಾಗ್ತೈತೆ. ಅಲ್ನೋಡ್ರಿ, ಅರಿಶಿಣ ಸುಣ್ಣ ಕೂಡಿ ಕೆಂಪಾಗೈತೆ. ಇನ್ನು ಅದು ತಿರುಗಿ ಅರಿಶಿಣ ಆದೀತೇನ್ರಿ?"

ಅಪ್ಪ ತಟ್ಟೆ ನೋಡಿದರು, ನನ್ನನ್ನು ನೋಡಿದರು. "ಮಗಳನ್ನ ಒಂದು ಮಾತು ಕೇಳಿ ಬೆಳಿಗ್ಗೆ ಹೇಳ್ತೀನ್ರಿ. ಈಗ ಉಣ್ಣಾಕೆ ಏಳ್ರಿ."

ನನಗೆ ಬಂದ ಸಿಟ್ಟು ಇಂದಿಗೂ ಆರಿಲ್ಲ. ನನ್ನ ಮಾತು ಹಾಗಿರಲಿ, ಸೋಡಿಯಮ್ಮಿಗಾದ ಅನ್ಯಾಯವನ್ನು ನೀವೇ ನೋಡಿ. ಅದರ ಹತ್ತಿರ ಹನ್ನೊಂದು ಎಲೆಕ್ಟ್ರಾನುಗಳಿವೆ. ಕೊಡುವುದು ಒಂದನ್ನು, ಹೊರಗಿನ ಸುತ್ತಿನಲ್ಲಿ ಒಂಟಿಯಾಗಿ ಅಲೆಯುವುದನ್ನು. ಉಳಿದ ಹತ್ತನ್ನು ಬಿಗಿಯಾಗಿ ಇಟ್ಟುಕೊಳ್ಳುತ್ತದೆ. ಮಾವನವರು ಗಂಡು ಎಂದ ಕ್ಲೋರಿನ್ನಿಗೆ ಒಂದು ಕೊರತೆ, ಇದಕ್ಕೆ ಒಂದು ಹೆಚ್ಚು. ಕೊಟ್ಟಾದ ಮೇಲೆ ಇಬ್ಬರ ಸೆಳೆತವೂ ಸೇರಿ ಇಬ್ಬರಿಗೂ ನೆಮ್ಮದಿ. ಕರಗಿ ಹೋಗುವುದಂತೂ ಶುದ್ಧ ಸುಳ್ಳು. ಉಪ್ಪಿನ ಹರಳಿನೊಳಗೆ ಅದೊಂದು ಇದೊಂದು ಸಾಲಾಗಿ, ತಮ್ಮ ತಮ್ಮ ಜಾಗದಲ್ಲಿ ನಿಂತಿರುತ್ತವೆ.

ಪರಮಾಣುಗಳು ಕೂಡುವುದು ತ್ಯಾಗದಿಂದಲ್ಲ. ಬೇರೆಯಾಗಿದ್ದಾಗಿನ ತಳಮಳ ಕೂಡಿದರೆ ತಗ್ಗುವಂತಿದ್ದರೆ ಕೂಡುತ್ತವೆ, ಇಲ್ಲದಿದ್ದರೆ ಇಲ್ಲ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹೊಯ್ದಾಗ ಮಡಕೆ ಕೊತಕೊತ ಕುದಿಯುವುದನ್ನು ನೋಡಿದ್ದೀರಲ್ಲ, ಆ ಕಾವು ಹೀಗೆ ತಗ್ಗಿದ ತಳಮಳವೇ. ಹೀಲಿಯಮ್ಮಿಗೆ ಒಂಟಿಯಾಗಿಯೇ ನೆಮ್ಮದಿ. ಅದಕ್ಕೆ ಯಾರೂ ವರ ಹುಡುಕಿಕೊಂಡು ಗಾಡಿ ಕಟ್ಟುವುದಿಲ್ಲ.

ಹೈಡ್ರೋಜನ್ನಿನ ಸಂಸಾರ ನನಗೆ ಎಲ್ಲಕ್ಕಿಂತ ಮೆಚ್ಚು. ಎರಡು ಹೈಡ್ರೋಜನ್ನುಗಳು ತಂತಮ್ಮ ಒಂದೊಂದು ಎಲೆಕ್ಟ್ರಾನನ್ನು ನಡುವೆ ಇಟ್ಟು, ಎರಡನ್ನೂ ಇಬ್ಬರೂ ಹಿಡಿದಿರುತ್ತಾರೆ. ಹಾಗೆಂದು ಇನ್ನೂ ಹತ್ತಿರ ತಳ್ಳಿದರೆ ಪರಸ್ಪರ ದೂಡುತ್ತಾರೆ. ಆ ಅಂತರವೂ ಬಂಧದ ಒಂದು ಭಾಗ. ನಮ್ಮ ಹಿರಿಯರು ಅದನ್ನು ಬಿಗುಮಾನ ಎನ್ನುತ್ತಾರೆ.

ಇದನ್ನೆಲ್ಲ ಮಾವನವರ ಎದುರು ಹೇಳಿದೆನೆಂದು ತಿಳಿಯಬೇಡಿ. ಇಡೀ ತರಗತಿಯನ್ನು ಸುಮ್ಮನಿರಿಸುವ ನನ್ನ ದನಿ ಮನೆಯ ಪಡಸಾಲೆಯಲ್ಲಿ ಏಳುವುದೇ ಇಲ್ಲ. ತಲೆ ತಗ್ಗಿಸಿ ಎಲೆ ಅಡಿಕೆ ಕೊಟ್ಟು ಒಳಗೆ ಬಂದೆ.

ಒಲೆಯ ಹತ್ತಿರ ಅಪ್ಪ ಮೆಲ್ಲಗೆ ಕೇಳಿದರು, "ಏನಂತೀಯವ್ವ?"

"ಶಾಲೆ ಬಿಡಾಕಿಲ್ಲಪ್ಪ."

"ಅದನ್ನ ಆ ಮನುಷ್ಯಗೆ ಹೆಂಗೆ ಹೇಳ್ಲಿ? ನಾನೊಂದಂದ್ರೆ ಅವರು ಹತ್ತು ಅಂತಾರೆ."

"ನಾನೇ ಹೇಳ್ತೀನಿ ಬಿಡ್ರಿ."

ಅವ್ವನಿಗೆ ಅರ್ಧ ಕೇಳಿಸಿತ್ತು. "ಆ ಆರತಿ ನೀರು ಚೆಲ್ಲಬ್ಯಾಡ ಕಣೇ, ಬೆಳಿಗ್ಗೆ ಬೇಕಾಗ್ತೈತೆ" ಎಂದಳು.

ಬೇಕಾಯಿತು. ಬೆಳಿಗ್ಗೆ ಮಾವನವರು ಜಗಲಿಯ ಮೇಲೆ ಕುಳಿತು ಬೇವಿನ ಕಡ್ಡಿ ಅಗಿಯುತ್ತಿದ್ದರು. ತಟ್ಟೆಯನ್ನು ಅವರ ಮುಂದಿಟ್ಟೆ. ಇಡೀ ರಾತ್ರಿ ಇದ್ದ ನೀರು ಕೊಂಚ ಮಂಕಾಗಿತ್ತು, ಆದರೂ ಕೆಂಪೇ. ನಿಂಬೆಹಣ್ಣು ಕೊಯ್ದು ಹಿಂಡಿದೆ. ಹುಳಿ ಸಿಕ್ಕಿದ್ದೇ ತಡ, ಸುಣ್ಣ ಅರಿಶಿನವನ್ನು ಬಿಟ್ಟು ಅದರ ಜೊತೆ ಹೋಯಿತು. ನೀರು ಹಳದಿಯಾಯಿತು.

ಕಡ್ಡಿ ಬಾಯಲ್ಲೇ ನಿಂತಿತು. "ಇದೇನವ್ವ ಇದು?"

"ಅರಿಶಿಣ ಕಣ್ರಿ" ಎಂದೆ.

ಪ್ರಯೋಗದ ಸಾಮಗ್ರಿಯನ್ನು ಬಚ್ಚಿಡಬಾರದೆಂದು ಕಾಲೇಜಿನಲ್ಲಿ ಕಲಿಸಿದ್ದರು. ಹಿಂಡಿದ ನಿಂಬೆಯ ಹೋಳುಗಳನ್ನು ತಟ್ಟೆಯ ಪಕ್ಕದಲ್ಲೇ ಬಿಟ್ಟು, ಶಾಲೆಯ ಚೀಲ ಹೆಗಲಿಗೇರಿಸಿ, ದುರ್ಗದ ಗಾಡಿ ಹತ್ತಿದೆ.